ಬೀರುವಿನ ಹಿಂದಿನ ಐದು ಮಕ್ಕಳು

ಜುಲೈ ತಿಂಗಳ ಒಂದು ಮಂಗಳವಾರ. ಮೂರು ದಿನದ ಮಳೆ ರಜೆ ಮುಗಿದು ಶಾಲೆ ತೆರೆದ ದಿನ. ಸಕಲೇಶಪುರದಿಂದ ಹೆತ್ತೂರು ಕಡೆ ಹೋಗುವ ಬಸ್ಸಿನಲ್ಲಿ ಕೂತಾಗಲೇ ತಲೆಯಲ್ಲಿ ಕೆಲಸದ ಪಟ್ಟಿ ಓಡುತ್ತಿತ್ತು. ಗ್ಯಾಸ್ ಸಿಲಿಂಡರ್ ಬಂತಾ? ಮೊಟ್ಟೆ ಎಷ್ಟು ಬೇಕು? ರಜೆ ಹೋದ ದಿನಗಳನ್ನು ಯಾವ ಶನಿವಾರಗಳಲ್ಲಿ ತುಂಬಿಸೋದು? ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಅದರ ಮೇಲೆ 220 ದಿನ ಶಾಲೆ ನಡೆಯಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ಮಲೆನಾಡಿನಲ್ಲಿ ಜುಲೈ ಬಂತೆಂದರೆ ಈ ದಿನಗಳನ್ನು ಹೊಂದಿಸುವುದೇ ಒಂದು ದೊಡ್ಡ ಕೆಲಸ.

ನಮ್ಮದು ಏಳನೇ ತರಗತಿವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 86 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಹೋಗುವವರು. ನಾನೂ ಸೇರಿ ನಾಲ್ಕು ಜನ ಶಿಕ್ಷಕರು, ಅದರಲ್ಲಿ ಒಬ್ಬರು ಅತಿಥಿ ಶಿಕ್ಷಕಿ. 17 ವರ್ಷ ಪಾಠ ಮಾಡಿದ ಮೇಲೆ ನಾನು ಮುಖ್ಯ ಶಿಕ್ಷಕಿಯಾದೆ. ಆಗ ಅದು ಎರಡನೇ ವರ್ಷ.

ಶಾಲೆಗೆ ಹೋದ ಕೂಡಲೇ ಅಡುಗೆಮನೆ. ಕ್ಷೀರಭಾಗ್ಯದ ಹಾಲಿಗೆ ಒಂದು ಮಗುವಿಗೆ 18 ಗ್ರಾಂ ಪುಡಿ. ಬಿಸಿಯೂಟಕ್ಕೆ ಐದನೇ ತರಗತಿವರೆಗಿನ ಮಗುವಿಗೆ 100 ಗ್ರಾಂ ಅಕ್ಕಿ, ಆರು ಏಳನೇ ತರಗತಿಯವರಿಗೆ 150 ಗ್ರಾಂ. ಹಾಜರಿ ನೋಡಿ ತೂಗಿ ಕೊಡಬೇಕು, ಬರೆದಿಡಬೇಕು. ಇದು ಬೇಡದ ಕೆಲಸ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳು ನಮ್ಮಲ್ಲಿ ಇದ್ದಾರೆ. ಆ ಬಿಸಿ ಲೋಟ ಕೈಗೆ ಸಿಕ್ಕಾಗ ಅವರ ಮುಖ ಹೇಗೆ ಅರಳುತ್ತದೆ ಅಂತ ನೋಡಿದವರಿಗೆ ಗೊತ್ತು. ಆದರೆ ಹಾಲು, ಅಕ್ಕಿ, ಶೂ, ಸಮವಸ್ತ್ರ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ತಂತ್ರಾಂಶ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆ, ಮೊಬೈಲಿಗೆ ಬರುವ 'ಇಂದೇ ಮಾಹಿತಿ ಕಳಿಸಿ' ಅನ್ನುವ ಸಂದೇಶಗಳು, ಇವುಗಳ ಮಧ್ಯೆ ನನ್ನ ಒಂದು ಕೆಲಸ ಮಾತ್ರ ಹಿಂದೆ ಬಿದ್ದಿತ್ತು. ಬೇರೆಯವರ ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತಿದೆ ಅಂತ ಕೂತು ನೋಡುವುದು.

ನೋಡುತ್ತಲೇ ಇರಲಿಲ್ಲ ಅಂತಲ್ಲ. ಸೋಮವಾರ ಬೆಳಿಗ್ಗೆ ಪಾಠ ಯೋಜನೆಯ ಪುಸ್ತಕಗಳು ನನ್ನ ಮೇಜಿಗೆ ಬರುತ್ತಿದ್ದವು. ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದೂ ಹಂತ ತುಂಬಿವೆಯಾ ಅಂತ ನೋಡಿ ಸಹಿ ಹಾಕುತ್ತಿದ್ದೆ. ತರಗತಿ ಬಾಗಿಲಲ್ಲಿ ಎರಡು ನಿಮಿಷ ನಿಲ್ಲುತ್ತಿದ್ದೆ. ಮಕ್ಕಳು ಎದ್ದು 'ನಮಸ್ತೇ ಮಿಸ್' ಅನ್ನುತ್ತಿದ್ದರು, ಪಾಠ ನಿಲ್ಲುತ್ತಿತ್ತು, ನಾನು ಹೊರಟುಬಿಡುತ್ತಿದ್ದೆ. ಒಂದು ಇಡೀ ಪೀರಿಯಡ್ ಯಾರ ತರಗತಿಯಲ್ಲೂ ಕೂತಿರಲಿಲ್ಲ.

ಅವತ್ತು ಬೆಳಿಗ್ಗೆ ಕರೆಂಟ್ ಇರಲಿಲ್ಲ. ಹತ್ತೂವರೆಗೆ ನೆಟ್‌ವರ್ಕೂ ಹೋಯಿತು. ಮಾಹಿತಿ ಕಳಿಸುವ ದಾರಿಯೇ ಇಲ್ಲ. ಕಚೇರಿ ಕೋಣೆಯಲ್ಲಿ ಸುಮ್ನೆ ಕೂರಲು ಆಗದೆ ಒಂದು ಬಿಳಿ ಹಾಳೆ, ಪೆನ್ಸಿಲ್ ಹಿಡಿದು ಐದನೇ ತರಗತಿಗೆ ಹೋದೆ. ಗಣಿತದ ಪೀರಿಯಡ್. ಪಾಠ ಮಾಡುತ್ತಿದ್ದವರು ಅತಿಥಿ ಶಿಕ್ಷಕಿ. ನನ್ನನ್ನು ನೋಡಿ ಅವರ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. 'ನೀವು ಪಾಠ ಮಾಡಿ, ನಾನು ಹಿಂದೆ ಕೂರ್ತೀನಿ' ಅಂದೆ. ಅವರ ಮುಖ ಬಿಳುಚಿಕೊಂಡಿತು. ಅತಿಥಿ ಶಿಕ್ಷಕರಿಗೆ ಕೆಲಸ ಒಂದು ವರ್ಷದ ಮಟ್ಟಿಗೆ. ಮುಂದಿನ ಜೂನ್‌ನಲ್ಲಿ ಮತ್ತೆ ಸಿಗುತ್ತೋ ಇಲ್ಲವೋ ಅನ್ನುವ ಭಯ ಯಾವಾಗಲೂ ಇರುತ್ತದೆ. ಮುಖ್ಯ ಶಿಕ್ಷಕಿ ಹಾಳೆ ಪೆನ್ಸಿಲ್ ಹಿಡಿದು ಬಂದರೆ ಯಾರಿಗಾದರೂ ಎದೆ ಹೊಡೆದುಕೊಳ್ಳುತ್ತೆ, ಅಲ್ವಾ? ಮುಂಚೆಯೇ ಹೇಳಿ ಬರಬೇಕಿತ್ತು. ಆ ತಪ್ಪು ನನ್ನದೇ.

ಕೊನೆಯ ಬೆಂಚಿನಲ್ಲಿ ಮಕ್ಕಳ ಜೊತೆ ಕೂತೆ. ಹಾಳೆಯ ಮೇಲೆ ಯಾರು ಎಲ್ಲಿ ಕೂತಿದ್ದಾರೆ ಅಂತ ಚೌಕಗಳನ್ನು ಬರೆದೆ. 17 ಮಕ್ಕಳು, 17 ಚೌಕ. ಶಿಕ್ಷಕಿ ಯಾವ ಮಗುವಿಗೆ ಪ್ರಶ್ನೆ ಕೇಳುತ್ತಾರೋ ಆ ಚೌಕದಲ್ಲಿ ಒಂದು ಗೀಟು. ಅಷ್ಟೇ. ಅಂಕ ಇಲ್ಲ, ಟಿಪ್ಪಣಿ ಇಲ್ಲ.

ಪಾಠ ಚೆನ್ನಾಗಿಯೇ ಇತ್ತು. ಅವರ ಧ್ವನಿ ಸ್ಪಷ್ಟ, ಬೋರ್ಡಿನ ಬರಹ ದುಂಡಗೆ. ನಾಲ್ಕನೇ ತರಗತಿಯ ಕಳೆಯುವ ಲೆಕ್ಕಗಳನ್ನು ಮತ್ತೊಮ್ಮೆ ಮಾಡಿಸುತ್ತಿದ್ದರು. 'ಅರ್ಥ ಆಯ್ತಾ?' ಅಂದಾಗ 'ಆಯ್ತು ಮಿಸ್' ಅಂತ ಒಂದೇ ದನಿ. ಬಾಗಿಲಲ್ಲಿ ನಿಂತಿದ್ದರೆ ನಾನೂ ಖುಷಿಯಾಗಿ ಹೋಗುತ್ತಿದ್ದೆ. ಪೀರಿಯಡ್ ಮುಗಿದಾಗ ಹಾಳೆ ನೋಡಿದೆ. ಒಟ್ಟು 31 ಗೀಟು. ಅದರಲ್ಲಿ 24 ಮುಂದಿನ ನಾಲ್ಕು ಮಕ್ಕಳ ಚೌಕದಲ್ಲಿ. ಎಡಗಡೆ ಮೂಲೆಯ ಐದು ಚೌಕಗಳಲ್ಲಿ ಒಂದೂ ಇಲ್ಲ.

ಆ ಐದು ಜನರಲ್ಲಿ ಒಬ್ಬಳು ನನ್ನ ಪಕ್ಕದಲ್ಲೇ ಇದ್ದಳು. ಅವಳ ನೋಟ್ಸ್ ತೆಗೆದು ನೋಡಿದೆ. 52 ರಲ್ಲಿ 27 ಕಳೆದರೆ 35. 81 ರಲ್ಲಿ 46 ಕಳೆದರೆ 45. 70 ರಲ್ಲಿ 38 ಕಳೆದರೆ 48. ಎಲ್ಲಕ್ಕೂ ಕೆಂಪು ಇಂಟು ಗುರುತು. ಮೊದಲು ಇವಳಿಗೆ ಕಳೆಯುವುದೇ ಬರುವುದಿಲ್ಲ ಅನ್ನಿಸಿತು. ಇನ್ನೊಮ್ಮೆ ನೋಡಿದಾಗ ಮೂರು ಲೆಕ್ಕದಲ್ಲೂ ಇದ್ದದ್ದು ಒಂದೇ ತಪ್ಪು. ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗದಿದ್ದಾಗ ಅವಳು ಏಳರಿಂದ ಎರಡು ಕಳೆದಿದ್ದಳು. ಎಲ್ಲ ಕಡೆಯೂ ಹಾಗೆಯೇ, ಒಂದು ಚೂರೂ ತಪ್ಪದ ಹಾಗೆ.

'ಇದು ಹೇಗ್ ಮಾಡ್ದೆ ಪುಟ್ಟಿ?' ಅಂತ ಕೇಳಿದೆ.

'ದೊಡ್ಡದ್ರಿಂದ ಚಿಕ್ಕದು ಕಳೀಬೇಕು ಮಿಸ್. ಎರಡನೇ ಕ್ಲಾಸಲ್ಲಿ ಹೇಳ್ಕೊಟ್ಟಿದ್ದಾರೆ.'

ನನಗೆ ಗಂಟಲು ಕಟ್ಟಿತು. ಈ ಮಾತನ್ನು 17 ವರ್ಷದಲ್ಲಿ ನಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ. ಇಡೀ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತನ್ನು ಮಗು ಒಂದೊಂದು ಅಂಕಿಗೂ ಹಚ್ಚಿಕೊಂಡಿದೆ. ಹೇಳಿಕೊಟ್ಟದ್ದನ್ನು ಅವಳು ಮೂರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಯಾಕೆ ಹೀಗೆ ಮಾಡಿದೆ ಅಂತ ಮಾತ್ರ ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಊಟ ಬಡಿಸಿದ ಮೇಲೆ ಅತಿಥಿ ಶಿಕ್ಷಕಿ ಬಂದರು. 'ಏನ್ ತಪ್ಪಾಯ್ತು ಮೇಡಂ?' ಅಂತಲೇ ಮಾತು ಶುರು. ನಾನು ಹಾಳೆಯನ್ನು ಅವರ ಮುಂದಿಟ್ಟು ಸುಮ್ಮನಾದೆ. ಅವರು ಬಹಳ ಹೊತ್ತು ನೋಡಿದರು. ಖಾಲಿ ಚೌಕಗಳ ಮೇಲೆ ಬೆರಳಿಟ್ಟು, 'ಈ ಐದು ಜನ ನನಗೆ ಕಾಣ್ಸಲ್ಲ ಮೇಡಂ. ಮಧ್ಯ ಬೀರು ಇದೆಯಲ್ಲ' ಅಂದರು.

ಬೀರು! ತರಗತಿಗೆ ಹೋಗಿ ಅವರು ಪಾಠ ಮಾಡುವ ಜಾಗದಲ್ಲಿ ನಿಂತು ನೋಡಿದೆ. ನಿಜ. ಜೂನ್‌ನಲ್ಲಿ ನಡುಸಾಲಿನ ಮೇಲೆ ಎರಡು ಹೆಂಚು ಒಡೆದು ಸೋರಲು ಶುರುವಾಗಿತ್ತು. ಕೆಳಗೆ ಬಕೆಟ್ ಇಟ್ಟೆವು. ಅಲ್ಲಿದ್ದ ಬೆಂಚುಗಳನ್ನು ಎಡಮೂಲೆಗೆ ಎಳೆದೆವು. ವಿಜ್ಞಾನದ ಸಾಮಾನು ನೆನೆಯಬಾರದು ಅಂತ ಬೀರುವನ್ನು ಗೋಡೆಯಿಂದ ಈಚೆಗೆ ಸರಿಸಿದ್ದೆವು. ಸರಿಸಿ ಅಂತ ಹೇಳಿದ್ದು ನಾನೇ. ಹೆಂಚು ರಿಪೇರಿ ನನ್ನ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು. ಆಗಸ್ಟ್ 15 ಹತ್ತಿರ ಬರುತ್ತಿದೆ ಅಂತ ಗೇಟಿನ ಬಣ್ಣವನ್ನು ಅದಕ್ಕಿಂತ ಮೇಲೆ ಬರೆದಿದ್ದೆ.

ಹೆಂಚು, ಬಣ್ಣ, ಬಕೆಟ್ ಎಲ್ಲ ಕಟ್ಟಡದ ವಿಷಯ, ಪಾಠ ಬೇರೆ ವಿಷಯ ಅಂತ ಅಂದುಕೊಂಡಿದ್ದೆ. ಇಲ್ಲಿ ಒಡೆದ ಎರಡು ಹೆಂಚು ಐದು ಮಕ್ಕಳನ್ನು ಆರು ವಾರದಿಂದ ಪಾಠದ ಹೊರಗೆ ಕೂರಿಸಿತ್ತು.

ಕೊನೆಯ ಪೀರಿಯಡ್ ನಾನು ತೆಗೆದುಕೊಂಡೆ. 'ಈಗ ನೀವು ಹಿಂದೆ ಕೂತು ಗೀಟು ಹಾಕಿ' ಅಂತ ಶಿಕ್ಷಕಿಯ ಕೈಗೆ ಹಾಳೆ ಕೊಟ್ಟೆ. ಅವರು ಹಿಂಜರಿದರು. ಒತ್ತಾಯ ಮಾಡಿದೆ. ನಲಿಕಲಿ ಕೋಣೆಯಿಂದ ಕಡ್ಡಿ ಕಟ್ಟುಗಳನ್ನು ತರಿಸಿದೆ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್. ಅಲ್ಲಿ ಮೂರನೇ ತರಗತಿವರೆಗೆ ಮಕ್ಕಳು ಗುಂಪಿನಲ್ಲಿ ಕೂತು ಕಡ್ಡಿ, ಕಾರ್ಡು ಮುಟ್ಟಿ ಕಲಿಯುತ್ತಾರೆ. ನಾಲ್ಕಕ್ಕೆ ಬಂದ ಕೂಡಲೇ ಸಾಲು ಬೆಂಚು, ಪುಸ್ತಕ, ಬೋರ್ಡು. ಕಡ್ಡಿಗಳು ಯಾಕೆ ಆ ಕೋಣೆಯಲ್ಲೇ ಉಳಿಯಬೇಕು ಅಂತ ನಾವು ಯಾರೂ ಯೋಚಿಸಿರಲಿಲ್ಲ.

ಆ ಹುಡುಗಿಯನ್ನು ಕರೆದೆ. ಐದು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟೆ. 'ಇದರಲ್ಲಿ 27 ನನಗೆ ಕೊಡು.' ಅವಳು ಎರಡು ಕಟ್ಟು ತೆಗೆದು ಕೊಟ್ಟಳು. ಎರಡು ಬಿಡಿ ಕಡ್ಡಿಯನ್ನೂ ಕೊಟ್ಟಳು. ಇನ್ನೂ ಐದು ಬೇಕು. ಮೇಜಿನ ಮೇಲಿದ್ದ ಮೂರು ಕಟ್ಟುಗಳನ್ನು ನೋಡಿದಳು. ನನ್ನನ್ನು ನೋಡಿದಳು. ಹೊರಗೆ ಮಳೆ ಸುರಿಯುತ್ತಿತ್ತು, ಬಕೆಟ್ಟಿನಲ್ಲಿ ಟಪ್ ಟಪ್ ಸದ್ದು. ಒಂದು ಕಟ್ಟನ್ನು ಎತ್ತಿಕೊಂಡು ರಬ್ಬರ್ ಬ್ಯಾಂಡಿನ ಒಳಗೆ ಬೆರಳು ತೂರಿಸಿ ನಿಲ್ಲಿಸಿದಳು.

'ಬಿಚ್ಬೋದಾ ಮಿಸ್?'

'ಬಿಚ್ಚು.'

ಕಡ್ಡಿಗಳು ಹರಡಿಕೊಂಡವು. ಐದು ಎಣಿಸಿ ಕೊಟ್ಟಳು. ಉಳಿದದ್ದನ್ನು ತಾನೇ ಎಣಿಸಿದಳು. 'ಇಪ್ಪತ್ತೈದು' ಅಂದಳು. ಆಮೇಲೆ ತನ್ನ ನೋಟ್ಸಿನಲ್ಲಿದ್ದ 35 ನ್ನು ನೋಡಿ ಹುಬ್ಬು ಗಂಟು ಹಾಕಿದಳು. ಅಳಿಸೋಕೆ ರಬ್ಬರ್ ಕೊಡು ಅಂತ ಪಕ್ಕದವನ ಮುಂದೆ ಕೈ ಚಾಚಿದಳು. ಅವಳಿಗೆ ನಾನು ಒಂದು ಪದವೂ ವಿವರಿಸಲಿಲ್ಲ.

ಆ ಪೀರಿಯಡ್‌ನ ಗೀಟುಗಳನ್ನೂ ಹೇಳಬೇಕು. ಎಡಮೂಲೆಯ ಐದು ಜನಕ್ಕೆ ನಾನು ಪ್ರಶ್ನೆ ಕೇಳಿದ್ದೆ, ಅವರು ನನ್ನ ತಲೆಯಲ್ಲಿದ್ದರು. ಬಲಗಡೆ ಗೋಡೆ ಪಕ್ಕದ ಮೂರು ಮಕ್ಕಳ ಚೌಕ ಖಾಲಿ. ಶಿಕ್ಷಕಿ ಸಂಕೋಚದಿಂದಲೇ ಹಾಳೆ ತೋರಿಸಿದರು. 'ನೋಡಿ, ನನಗೂ ಕಾಣಲಿಲ್ಲ' ಅಂದೆ. ಅವತ್ತು ಮೊದಲ ಸಲ ಅವರು ನನ್ನ ಜೊತೆ ಭಯವಿಲ್ಲದೆ ಮಾತಾಡಿದರು. ಮುಂದಿನ ಲೆಕ್ಕಕ್ಕೆ ಕಡ್ಡಿ ಹೇಗೆ ಬಳಸಬಹುದು, ಯಾರನ್ನು ಯಾರ ಪಕ್ಕ ಕೂರಿಸಬಹುದು ಅಂತ ಬಸ್ಸಿನ ಹೊತ್ತಾಗುವವರೆಗೂ ಮಾತಾಡಿದೆವು.

ಬೀರುವನ್ನು ಅವತ್ತೇ ಗೋಡೆಗೆ ಸರಿಸಿದೆವು. ಮಳೆ ಬಿಡುವು ಕೊಟ್ಟ ದಿನ ಎಸ್‌ಡಿಎಂಸಿ ಸದಸ್ಯರೊಬ್ಬರು ಏಣಿ ತಂದು ಹೆಂಚು ಬದಲಿಸಿಕೊಟ್ಟರು. ಅರ್ಧ ಗಂಟೆಯ ಕೆಲಸ. ಮಾಹಿತಿಯನ್ನು ಸಂಜೆ ಸಕಲೇಶಪುರದ ಬಸ್ ನಿಲ್ದಾಣದಲ್ಲಿ ನಿಂತು ಕಳಿಸಿದೆ.

ಅಲ್ಲಿಂದೀಚೆಗೆ ಮಂಗಳವಾರದ ಮೂರನೇ ಪೀರಿಯಡ್‌ನಲ್ಲಿ ಯಾವುದಾದರೊಂದು ತರಗತಿಯಲ್ಲಿ ಕೂರುತ್ತೇನೆ. ಹಿಂದಿನ ದಿನವೇ ಹೇಳಿರುತ್ತೇನೆ. ಎಲ್ಲ ವಾರವೂ ಆಗುವುದಿಲ್ಲ. ಮೊದಲ ಎಂಟು ವಾರದಲ್ಲಿ ಆದದ್ದು ಐದು ಸಲ. ಒಮ್ಮೆ ತುರ್ತು ಸಭೆ, ಒಮ್ಮೆ ಮಳೆ ರಜೆ, ಒಮ್ಮೆ ಕಾಡಾನೆ ಊರ ಹತ್ತಿರ ಬಂದು ಮಕ್ಕಳನ್ನೇ ಕಳಿಸದ ದಿನ. ತಪ್ಪಿದ ವಾರ ನನಗೆ ಸಮಾಧಾನ ಇರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ಸೋಮವಾರ ಅತಿಥಿ ಶಿಕ್ಷಕಿ ಪಾಠ ಯೋಜನೆಯ ಪುಸ್ತಕ ಹಿಡಿದು ಸಹಿಗೆ ಬಂದರು. ಪುಸ್ತಕದ ಒಳಗೆ ಒಂದು ಹಾಳೆ. 17 ಚೌಕ ಅವರೇ ಬರೆದಿದ್ದರು.

'ನಾಳೆ ಭಿನ್ನರಾಶಿ ಶುರು ಮಾಡ್ತಿದೀನಿ ಮೇಡಂ. ನನಗೇ ಸ್ವಲ್ಪ ಕಷ್ಟ. ನೀವು ಬಂದು ಕೂತ್ಕೊಳ್ತೀರಾ?'