ಸಪ್ಪಗಿರುವ ಮಗು, ಚಡಪಡಿಸುವ ಮಗು

ಹದಿಹರೆಯದ ಖಿನ್ನತೆ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಮೂಲೆ ಹಿಡಿದು ಕೂತ, ಮಾತು ಬಿಟ್ಟ ಮಗು. ಅಂಥ ಮಗುವನ್ನು ಅಜ್ಜಿಯೋ ಟೀಚರೋ ಯಾರಾದರೊಬ್ಬರು ಗಮನಿಸಿಯೇ ಗಮನಿಸುತ್ತಾರೆ. ಕಣ್ಣಿಗೆ ಬೀಳದೆ ತಪ್ಪಿಹೋಗುವುದು ಇನ್ನೊಂದು ಬಗೆ, ಆತಂಕದ ಮಗು. ಹೋಂವರ್ಕ್ ಒಂದು ದಿನವೂ ಬಿಟ್ಟಿಲ್ಲ, ಆದರೆ ಎರಡು ಮಾರ್ಕು ಕಡಿಮೆ ಬಂದರೆ ರಾತ್ರಿಯಿಡೀ ಹೊರಳಾಟ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಸ್ಕ್ಯಾನಿಂಗ್ ಮಾಡಿಸಿದರೆ ಎಲ್ಲ ನಾರ್ಮಲ್. ಇದನ್ನು ‘ಓದಿನ ಟೆನ್ಷನ್’ ಅಂತ ಪಕ್ಕಕ್ಕಿಡುತ್ತೇವೆ. ಆತ್ಮಹತ್ಯೆಯ ಅಪಾಯವನ್ನು ಅಳೆಯುವಾಗ ನಿಜಕ್ಕೂ ಎಚ್ಚರಿಸುವುದು ಖಿನ್ನತೆ, ಆತಂಕ ಎರಡೂ ಒಂದೇ ಮಗುವಿನಲ್ಲಿ ಕೂಡಿಕೊಂಡಾಗ.

ಕಾರಣ ಇಷ್ಟು. ‘ಇನ್ನು ಯಾಕೆ ಬದುಕಬೇಕು’ ಎಂಬ ಯೋಚನೆಯನ್ನು ತರುವುದು ಹೆಚ್ಚಾಗಿ ಖಿನ್ನತೆ. ಆದರೆ ಅದು ಮೈಯ ಕಸುವನ್ನೂ ಹೀರಿಬಿಡುತ್ತದೆ. ಆತಂಕ ಬಂದು ಸೇರಿದರೆ ಎದೆ ಡವಗುಟ್ಟುವುದು, ನಿದ್ದೆ ಹಾರುವುದು, ಈ ಸಂಕಟ ಹೇಗಾದರೂ ಈಗಲೇ ನಿಂತರೆ ಸಾಕು ಎನ್ನುವ ತಹತಹ. ಹಲವು ದೇಶಗಳಲ್ಲಿ ವಯಸ್ಕರ ಮೇಲೆ ನಡೆದ ಸಮೀಕ್ಷೆಗಳಲ್ಲಿ ಈ ವ್ಯತ್ಯಾಸ ಕಂಡಿದೆ. ಸಾಯುವ ಯೋಚನೆ ಯಾರಿಗೆ ಬರಬಹುದು ಎಂಬುದಕ್ಕೆ ಖಿನ್ನತೆ ಒಳ್ಳೆಯ ಸುಳಿವು. ಯೋಚನೆ ಬಂದವರಲ್ಲಿ ಯಾರು ಪ್ರಯತ್ನಕ್ಕಿಳಿಯಬಹುದು ಎಂಬುದಕ್ಕೆ ತೀವ್ರ ಆತಂಕ, ಚಡಪಡಿಕೆ, ದುಡುಕು ಹೆಚ್ಚಿನ ಸುಳಿವು ಕೊಡುತ್ತವೆ. ಹದಿನೈದರ ವಯಸ್ಸಿನಲ್ಲಿ ದುಡುಕಿಗೆ ಬರವಿಲ್ಲ. ಹಿಂದೆ ಒಮ್ಮೆ ಪ್ರಯತ್ನ ನಡೆದಿದ್ದರಂತೂ ಅದಕ್ಕಿಂತ ದೊಡ್ಡ ಎಚ್ಚರಿಕೆ ಇಲ್ಲ.

ಹಾಗಂತ ಖಿನ್ನತೆ ಇರುವ ಮಗುವನ್ನೆಲ್ಲ ಕಂಡು ಗಾಬರಿಯಾಗಬೇಕಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಇವರಲ್ಲಿ ಬಹುಪಾಲು ಮಕ್ಕಳು ಎಂದೂ ಪ್ರಾಣಕ್ಕೆ ಎರವಾಗುವುದಿಲ್ಲ. ಆದರೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂಬ ಸರ್ಕಾರಿ ಲೆಕ್ಕವೂ ಎದುರಿಗಿದೆ.

ಇನ್ನೊಂದು ವಿಷಯ: ಸಾಮಾನ್ಯವಾಗಿ ಮೊದಲು ಬರುವುದು ಆತಂಕ, ಖಿನ್ನತೆ ಆಮೇಲೆ. ಅಮೆರಿಕದ ಹದಿಹರೆಯದವರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆತಂಕದ ಕಾಯಿಲೆ ಶುರುವಾಗುವ ಮಧ್ಯಕ ವಯಸ್ಸು (ಕಾಯಿಲೆ ಬಂದವರಲ್ಲಿ ಅರ್ಧ ಮಂದಿಗೆ ಅಷ್ಟರೊಳಗೆ ಶುರುವಾಗಿರುತ್ತದೆ) 6, ಖಿನ್ನತೆಯಂಥವುಗಳದ್ದು 13. ನಡುವಿನ ಏಳು ವರ್ಷ ನಾವು ‘ಸ್ವಲ್ಪ ಪುಕ್ಕಲು ಸ್ವಭಾವ’ ಅಂದುಕೊಂಡು ಕಳೆದುಬಿಡುತ್ತೇವೆ.

ಗುರುತಿಸುವಾಗ ಆಗುವ ಮೊದಲ ತಪ್ಪು ದುಃಖಕ್ಕಾಗಿಯೇ ಹುಡುಕುವುದು. ಈ ವಯಸ್ಸಿನಲ್ಲಿ ದುಃಖದ ಜಾಗದಲ್ಲಿ ಸಿಡುಕು ಇರಬಹುದು. ರೋಗನಿರ್ಣಯದ ನಿಯಮದಲ್ಲೇ ಅದಕ್ಕೆ ಅವಕಾಶವಿದೆ. ತಟ್ಟೆ ತಳ್ಳಿ ಎದ್ದುಹೋಗುವ ಹುಡುಗನನ್ನು ‘ಕೊಬ್ಬು’ ಅನ್ನುವ ಮೊದಲು ನೋಡಬೇಕಾದ್ದು: ಎರಡು ವಾರದಿಂದ ಹೆಚ್ಚುಕಡಿಮೆ ದಿನವೂ ಹೀಗಿದೆಯೇ? ನಿದ್ದೆ, ಊಟ, ಏಕಾಗ್ರತೆ ಕೆಟ್ಟಿವೆಯೇ? ಕ್ರಿಕೆಟ್ಟೋ ರೀಲ್ಸೋ, ಮೊದಲು ಬಿಡದೆ ಹಿಡಿದಿದ್ದು ಈಗ ಬೇಡವಾಗಿದೆಯೇ? ‘ನನ್ನಿಂದ ಎಲ್ಲರಿಗೂ ತೊಂದರೆ’ ಎಂಬ ಮಾತು ಬಂತೇ? ಈ ಕೊನೆಯ ಮಾತು ಬಂದರೆ ಎರಡು ವಾರ ಕಾಯಬೇಡಿ.

ಡಾಕ್ಟರು, ಆಪ್ತಸಮಾಲೋಚಕರು ಬಳಸುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪಟ್ಟಿಯನ್ನು ಈಗ ಕೆಲವು ಶಾಲೆಗಳೂ ಬಳಸುತ್ತವೆ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ ಬೇಕು. ಎಡವುವುದು ಮೊತ್ತ ಕೂಡುವಲ್ಲಿ. ಒಬ್ಬ ಹುಡುಗಿಗೆ ಮೊತ್ತ 8 ಬಂತು ಅನ್ನಿ. ‘ಸೌಮ್ಯ’ ಅಂತ ಬರೆದು ಕಾಗದ ಫೈಲಿಗೆ ಹೋಗುತ್ತದೆ. ಆದರೆ ಆ ಎಂಟರಲ್ಲಿ ಒಂದು ಅಂಕ ಒಂಬತ್ತನೇ ಪ್ರಶ್ನೆಯದ್ದು. ಸತ್ತರೆ ಒಳ್ಳೆಯದಿತ್ತು, ತನಗೆ ತಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿತ್ತೇ ಎಂಬ ಪ್ರಶ್ನೆ. ಅಲ್ಲಿ ಸೊನ್ನೆಯಲ್ಲದೆ ಬೇರೇನು ಬಂದರೂ, ಒಟ್ಟು ಎಷ್ಟೇ ಇರಲಿ, ಅದೇ ದಿನ ಆ ಮಗುವಿನ ಜತೆ ಕೂತು ಮಾತಾಡಬೇಕು. ಈ ಪಟ್ಟಿ ಅಳೆಯುವುದು ಖಿನ್ನತೆಯನ್ನು ಮಾತ್ರ. ಆತಂಕಕ್ಕೆ ಬೇರೆ ಪಟ್ಟಿ ಇದೆ, ಅದನ್ನೂ ಜತೆಗೇ ಕೊಡಬೇಕು.

ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಇಲ್ಲದ್ದನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಓದಿದವರಲ್ಲೂ ಇದೆ. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಕೇಳುವ ಬಗೆಯಲ್ಲಿ ಮಾತ್ರ ವ್ಯತ್ಯಾಸವಿದೆ. ‘ಅಂಥ ಹುಚ್ಚು ಯೋಚನೆ ಏನೂ ಇಲ್ಲ ತಾನೆ?’ ಅಂದರೆ ‘ಇಲ್ಲಮ್ಮ’ ಅನ್ನದೆ ಮಗುವಿಗೆ ಗತಿಯಿಲ್ಲ. ‘ಇಷ್ಟು ಕಷ್ಟ ಆದಾಗ ಕೆಲವರಿಗೆ ಸತ್ತುಹೋಗೋಣ ಅನ್ನಿಸುತ್ತೆ ಪುಟ್ಟಿ, ನಿನಗೂ ಹಾಗೆ ಅನ್ನಿಸಿದೆಯಾ?’ ಅಂತ ನೇರ ಕೇಳಿ. ಎದುರಾಬದುರು ಕೂರಿಸಿಕೊಂಡಲ್ಲ, ಅವರೆಕಾಯಿ ಬಿಡಿಸುತ್ತಲೋ, ಸಂಜೆ ಅಂಗಡಿಗೆ ನಡೆಯುತ್ತಲೋ. ಹೌದು ಅಂದರೆ ಬೈಯಬೇಡಿ, ಅತ್ತು ಕರೆಯಬೇಡಿ, ‘ನಮ್ಮ ಗತಿ ಏನು’ ಅನ್ನಬೇಡಿ. ಯಾವಾಗಿಂದ, ಹೇಗೆ ಅಂತ ಯೋಚಿಸಿದ್ದೀಯಾ, ಇವತ್ತು ಹೇಗನ್ನಿಸುತ್ತಿದೆ: ಈ ಮೂರನ್ನು ಕೇಳಿ. ಗುಟ್ಟಾಗಿಡುತ್ತೇನೆ ಎಂಬ ಮಾತನ್ನು ಮಾತ್ರ ಕೊಡಬೇಡಿ.

ಹೇಗೆ ಎಂಬುದಕ್ಕೆ ಉತ್ತರ ಸಿದ್ಧವಿದ್ದರೆ ಅಥವಾ ಇವತ್ತೇ ಅನ್ನಿಸುತ್ತಿದ್ದರೆ ಮಗುವನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಪೊಲೀಸ್ ಕೇಸಾಗುತ್ತದೆ ಅಂತ ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಂ, ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸುತ್ತದೆ. ಶಿಕ್ಷೆಯ ಬದಲು ಆರೈಕೆ ಕೊಡುವ ಹೊಣೆ ಸರ್ಕಾರದ್ದು ಎನ್ನುತ್ತದೆ.

ಅಪಾಯ ತಕ್ಷಣದ್ದಲ್ಲದಿದ್ದರೂ ಮನೆಯನ್ನು ಅದೇ ರಾತ್ರಿ ಸರಿಮಾಡಬೇಕು. ತಾತನ ಬಿಪಿ-ಶುಗರ್ ಮಾತ್ರೆ, ಹೊಲಕ್ಕೆ ತಂದ ಔಷಧಿ ಎರಡೂ ಬೀಗದೊಳಗೆ, ಬೀಗದ ಕೈ ದೊಡ್ಡವರ ಸೊಂಟದಲ್ಲಿ. ಹೊಲದ ಔಷಧಿ ಮನೆಯಿಂದಲೇ ಆಚೆ ಹೋದರೆ ಇನ್ನೂ ಒಳ್ಳೆಯದು. ಆ ತೀವ್ರ ಗಳಿಗೆ ಎಷ್ಟೋ ಸಲ ನಿಮಿಷಗಳದ್ದು, ಗಂಟೆಗಳದ್ದು; ಕೈಗೆ ಸಿಗದಿದ್ದರೆ ಅದು ದಾಟಿಹೋಗುತ್ತದೆ. ಆಮೇಲೆ ಒಂದು ಹಾಳೆಯಲ್ಲಿ ಸುರಕ್ಷತೆಯ ಯೋಜನೆ. ಮಗುವೇ ತನ್ನ ಕೈಬರಹದಲ್ಲಿ, ತನ್ನ ಮಾತಿನಲ್ಲಿ ಬರೆಯಬೇಕು: ಕೆಟ್ಟ ಗಳಿಗೆ ಬರುತ್ತಿದೆ ಅನ್ನುವ ಗುರುತು, ಒಬ್ಬಳೇ ಮಾಡಬಹುದಾದ್ದು, ಮನಸ್ಸು ತಿರುಗಿಸುವ ಜಾಗ ಮತ್ತು ಜನ, ಸಹಾಯ ಕೇಳಬಹುದಾದ ದೊಡ್ಡವರು, ಡಾಕ್ಟರು ಮತ್ತು ಸಹಾಯವಾಣಿ ನಂಬರು, ಮನೆಯಲ್ಲಿ ಏನೇನು ಬೀಗಕ್ಕೆ ಹೋಯಿತು. ‘ಧ್ಯಾನ ಮಾಡುತ್ತೇನೆ’ ಅಂತ ಅಪ್ಪ ಹೇಳಿಕೊಟ್ಟು ಬರೆಸಿದ ಸಾಲು ಕೆಲಸಕ್ಕೆ ಬಾರದು. ‘ಟೆರೇಸಿಗೆ ಹೋಗಲ್ಲ, ಅತ್ತೆಗೆ ಫೋನ್ ಮಾಡ್ತೀನಿ’ ಎಂಬುದು ಬರುತ್ತದೆ.

ಮಾತ್ರೆಯ ವಿಷಯಕ್ಕೆ ಬಂದರೆ, ಖಿನ್ನತೆಗೆ ಕೊಡುವ ಫ್ಲುವೊಕ್ಸೆಟಿನ್‌ನಂಥ ಔಷಧಿ ಪೂರ್ತಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಅಮೆರಿಕದ ಔಷಧ ನಿಯಂತ್ರಕರು 2004ರಲ್ಲಿ ಕೊಟ್ಟ ಎಚ್ಚರಿಕೆಯನ್ನು ಅಂತರ್ಜಾಲದಲ್ಲಿ ಓದಿ ಬೆಚ್ಚಿ ಮಾತ್ರೆ ಎಸೆಯುವವರಿದ್ದಾರೆ. ಅದರಲ್ಲಿದ್ದದ್ದು ಇದು: ಖಿನ್ನತೆಯ ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ನೂರಕ್ಕೆ ನಾಲ್ವರಲ್ಲಿ, ಬರೀ ಸಕ್ಕರೆ ಗುಳಿಗೆಯಂಥದ್ದು ತೆಗೆದುಕೊಂಡ ನೂರಕ್ಕೆ ಇಬ್ಬರಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ವರ್ತನೆ ಕಂಡಿತ್ತು, ಆ ಪ್ರಯೋಗಗಳಲ್ಲಿ ಆತ್ಮಹತ್ಯೆ ಒಂದೂ ಆಗಲಿಲ್ಲ. ಹಾಗಾಗಿ ಮಾಡಬೇಕಾದ್ದು ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ತೋರಿಸುವುದು, ಹೊಸದಾಗಿ ಚಡಪಡಿಕೆ, ನಿದ್ದೆಗೇಡು ಕಂಡರೆ ಅದೇ ದಿನ ಡಾಕ್ಟರಿಗೆ ಹೇಳುವುದು, ಮಾತ್ರೆಯ ಸ್ಟ್ರಿಪ್ಪನ್ನು ಮಗುವಿನ ಕೈಗೆ ಕೊಡದೆ ದಿನದ್ದನ್ನು ದಿನ ಕೊಡುವುದು. ಎರಡು ತಿಂಗಳಿಗೆ ‘ಈಗ ಚೆನ್ನಾಗಿದ್ದಾಳಲ್ಲ’ ಅಂತ ನೀವೇ ನಿಲ್ಲಿಸಬೇಡಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಂದ ವರ್ಷ ಮುಂದುವರಿಸಿ, ನಿಧಾನಕ್ಕೆ ಇಳಿಸುತ್ತಾರೆ.

ಫಲಿತಾಂಶದ ದಿನ ಲಿಂಕ್ ತೆರೆಯುವಾಗ ಮನೆಯಲ್ಲಿ ದೊಡ್ಡವರೊಬ್ಬರು ಇರಲಿ. 2023-24ರಿಂದ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡಕ್ಕೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಇದನ್ನು ಫಲಿತಾಂಶ ಬಂದಮೇಲಲ್ಲ, ಒಂದು ವಾರ ಮುಂಚೆ ಹೇಳಿ. ಆತಂಕದಲ್ಲಿರುವ ತಲೆಗೆ ಆ ಹೊತ್ತಿನಲ್ಲಿ ಹೊಸ ಮಾಹಿತಿ ಇಳಿಯುವುದಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗು ಮಾತ್ರವಲ್ಲ, ಏನು ಕೇಳಬೇಕೆಂದು ತೋಚದ ಅಪ್ಪ-ಅಮ್ಮನೂ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098 ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿ ಶುರುಮಾಡಿ. ದಾಖಲಾಗಿ ಮನೆಗೆ ಬಂದ ಮಗುವಿಗೆ ಮೊದಲ ವಾರ, ಮೊದಲ ಮೂರು ತಿಂಗಳು ಅಪಾಯ ಹೆಚ್ಚು. ಡಿಸ್ಚಾರ್ಜ್ ಚೀಟಿಯಲ್ಲಿ ಏಳು ದಿನದೊಳಗಿನ ಮುಂದಿನ ಭೇಟಿಯ ತಾರೀಕು ಬರೆದಿಲ್ಲದಿದ್ದರೆ, ಬರೆಸಿಕೊಂಡೇ ವಾರ್ಡಿನಿಂದ ಹೊರಡಿ.