ಕ್ಲಚ್ ವೈರೋ, ಹೈಡ್ರಾಲಿಕ್ಕೋ: ಎರಡು ತಿಂಗಳ ಕೆಲಸದ ದಿನಚರಿ

ಫೆಬ್ರವರಿ 9, ದಾವಣಗೆರೆ

ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನ ವೈರಿನ ಕ್ಲಚ್ಚನ್ನು ಹೈಡ್ರಾಲಿಕ್‌ಗೆ, ಅಂದರೆ ವೈರಿನ ಬದಲು ಪೈಪಿನೊಳಗಿನ ದ್ರವದ ಒತ್ತಡದಿಂದ ಕೆಲಸ ಮಾಡುವುದಕ್ಕೆ, ಬದಲಾಯಿಸಬೇಕೆಂಬ ಆಸೆ ಹುಟ್ಟಿದ್ದು ಡಿಸೆಂಬರಿನಲ್ಲಿ, ಆಗುಂಬೆಯಿಂದ ಹಿಂತಿರುಗುವಾಗ. ಹೊನ್ನಾಳಿ ದಾಟುವ ಹೊತ್ತಿಗೆ ಎಡಗೈ ಹೆಬ್ಬೆರಳಿನ ಬುಡ ನೋಯತೊಡಗಿತ್ತು, ದಾವಣಗೆರೆಯ ಪಿ.ಬಿ. ರಸ್ತೆಯ ಸಂಜೆಯ ದಟ್ಟಣೆಯಲ್ಲಂತೂ ನಾಲ್ಕೂ ಬೆರಳು ಹಾಕಿ ಲಿವರ್ ಹಿಡಿಯಬೇಕಾಯಿತು. ಜೊತೆಗೆ ಬಂದಿದ್ದ ಚಿತ್ರದುರ್ಗದ ನಮ್ಮ ಭಾವನವರ ಸುಜುಕಿ ವಿ-ಸ್ಟ್ರಾಮ್ 1000 ಹೈಡ್ರಾಲಿಕ್ ಕ್ಲಚ್ಚಿನ ಗಾಡಿ. ಅವರು ದಾರಿಯುದ್ದಕ್ಕೂ ಒಮ್ಮೆಯೂ ಕೈ ಕೊಡವಿಕೊಳ್ಳಲಿಲ್ಲ.

ವೈರಿನ ಗಾಡಿಗೂ ಹೈಡ್ರಾಲಿಕ್ ಜೋಡಿಸುವ ಕಿಟ್‌ಗಳಿವೆ. ಜರ್ಮನಿಯ ಮಗುರಾ ಕಂಪನಿಯ ಹೈಮೆಕ್ ಅಂಥದ್ದು: ಹ್ಯಾಂಡಲ್ ಬಳಿ ಮಾಸ್ಟರ್ ಸಿಲಿಂಡರ್ ಕೂರುತ್ತದೆ, ಎಂಜಿನ್ ಕಡೆಯ ಸಣ್ಣ ಸಿಲಿಂಡರ್ (ಸ್ಲೇವ್) ಒಂದು ತುಂಡು ವೈರನ್ನು ಎಳೆಯುತ್ತದೆ. ಆದರೆ ದುಡ್ಡು ಹಾಕುವ ಮೊದಲು ನನ್ನ ಕ್ಲಚ್ ಯಾವ ಕಾರಣಕ್ಕೆ ಗಟ್ಟಿಯಾಗಿದೆ ಎಂಬುದನ್ನು ಅಳೆದು ತಿಳಿಯಬೇಕೆಂದು ನಿರ್ಧರಿಸಿದ್ದೇನೆ.

ಫೆಬ್ರವರಿ 16

ಲಿವರಿನ ತುದಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ನಿಧಾನವಾಗಿ ಎಳೆದು, ಕ್ಲಚ್ ಬಿಡುವ ಜಾಗದಲ್ಲಿ ತೂಕ ಓದಿದೆ: 5.6 ಕೆ.ಜಿ. ಅದೇ ಜಾಗವನ್ನು ಲಿವರ್ ಬಿಡುತ್ತಾ ದಾಟುವಾಗ ತಕ್ಕಡಿ ತೋರಿಸಿದ್ದು 2.9 ಕೆ.ಜಿ. ಈ ಎರಡು ಅಂಕಿಗಳ ನಡುವಿನ ಅಂತರವೇ ನನಗೆ ಬೇಕಿದ್ದ ಉತ್ತರ. ಕ್ಲಚ್ ಒಳಗಿನ ಸ್ಪ್ರಿಂಗಿನ ಬಲ ಎಳೆಯುವಾಗಲೂ ಬಿಡುವಾಗಲೂ ಒಂದೇ. ಆದರೆ ಘರ್ಷಣೆ ಎಳೆಯುವ ಕೈಗೂ ಎದುರಾಗಿ ನಿಲ್ಲುತ್ತದೆ, ಮರಳುವ ಲಿವರನ್ನೂ ತಡೆಯುತ್ತದೆ. ಘರ್ಷಣೆಯೇ ಇಲ್ಲದಿದ್ದರೆ ಎರಡೂ ಸಲ ಸುಮಾರು 4 ಕೆ.ಜಿ. ಬರಬೇಕಿತ್ತು. ಅಂದರೆ ಪ್ರತಿ ಸಲ ಲಿವರ್ ಹಿಡಿದಾಗಲೂ ನನ್ನ ಕೈ ಒಂದೂವರೆ ಕೆ.ಜಿ.ಗೂ ಹೆಚ್ಚು ಬಲವನ್ನು ವೈರನ್ನು ಕವಚದೊಳಗೆ ಉಜ್ಜುವುದಕ್ಕೇ ಕೊಡುತ್ತಿತ್ತು.

ಫೆಬ್ರವರಿ 23

ಟ್ಯಾಂಕ್ ಬಿಚ್ಚಿದಾಗ ಕಾರಣ ಕಣ್ಣಿಗೆ ಬಿತ್ತು. ಕಳೆದ ವರ್ಷ ಹ್ಯಾಂಡಲ್ ಎತ್ತರಿಸಲು ರೈಸರ್ ಹಾಕಿಸಿದ್ದೆ; ವೈರು ಮಾತ್ರ ಹಳೆಯದೇ ಉಳಿದಿತ್ತು. ಅದು ಹ್ಯಾಂಡಲ್ ಕೆಳಗೆ ಬಿಗಿಯಾಗಿ ಬಾಗಿ, ಫ್ರೇಮ್ ಪಕ್ಕದಲ್ಲಿ ಇನ್ನೊಮ್ಮೆ ತಿರುಚಿಕೊಂಡು ಎಂಜಿನ್ನಿಗೆ ಇಳಿದಿತ್ತು. 1896ರಲ್ಲಿ ಅರ್ನೆಸ್ಟ್ ಬೌಡೆನ್ ಪೇಟೆಂಟ್ ಪಡೆದ ಈ ಕವಚದೊಳಗಿನ ವೈರಿನ ವ್ಯವಸ್ಥೆಯಲ್ಲಿ ಘರ್ಷಣೆಯನ್ನು ನಿರ್ಧರಿಸುವುದು ಉದ್ದಕ್ಕಿಂತ ಹೆಚ್ಚಾಗಿ ಬಾಗು: ದಾರಿಯುದ್ದಕ್ಕೂ ಒಟ್ಟು ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದು. ಬಾವಿಯ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿದರೆ ಕೊಡದ ಭಾರ ಕೈಗೆ ಹಗುರವಾಗುವುದೂ ಇದೇ ನಿಯಮದಿಂದ. ಅಲ್ಲಿ ನಮಗೆ ನೆರವಾಗುವ ಘರ್ಷಣೆ ಇಲ್ಲಿ ಎದುರು ನಿಲ್ಲುತ್ತದೆ, ಮತ್ತು ಪ್ರತಿಯೊಂದು ಹೊಸ ಬಾಗು ಹಿಂದಿನದನ್ನು ಗುಣಿಸುತ್ತದೆಯೇ ಹೊರತು ಬರೀ ಕೂಡಿಸುವುದಿಲ್ಲ.

ವೈರಿನ ಒಳಗೆ ಮೆಕ್ಕೆಜೋಳದ ಲಾರಿಗಳ ಹಿಂದೆ ಓಡಾಡಿ ಸೇರಿದ ಧೂಳು, ಯಾರೋ ತುಂಬಿದ ದಪ್ಪ ಗ್ರೀಸಿನ ಜೊತೆ ಅರಗಿನಂತೆ ಗಟ್ಟಿಯಾಗಿತ್ತು. ಒಳಗೆ ಪ್ಲಾಸ್ಟಿಕ್ ಲೈನರ್ ಇರುವ ವೈರಿಗೆ ದಪ್ಪ ಗ್ರೀಸ್ ಹಾಕಬಾರದು. ಲಿವರ್ ಕಡೆಯ ನಿಪ್ಪಲ್ (ವೈರಿನ ತುದಿಯ ಲೋಹದ ಗುಂಡು) ಬುಡದಲ್ಲಿ ಎರಡು ಎಳೆಗಳು ಆಗಲೇ ಕಡಿದಿದ್ದವು.

ಮಾರ್ಚ್ 2

ಉದ್ದ ಸರಿಹೊಂದುವ ಹೊಸ ವೈರು ತಂದು, ಟ್ಯಾಂಕಿನ ಕೆಳಗೆ ದೊಡ್ಡ, ಸಾವಕಾಶವಾದ ಒಂದೇ ಬಾಗು ಬರುವಂತೆ ಹಾಯಿಸಿದೆ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಲ್ಲೂ ಬಿಗಿಯುವುದಿಲ್ಲವೆಂದು ನೋಡಿಕೊಂಡೆ. ಎಂಜಿನ್ ತಣ್ಣಗಿರುವಾಗ ಲಿವರಿನಲ್ಲಿ 2ರಿಂದ 3 ಮಿ.ಮೀ. ಫ್ರೀ ಪ್ಲೇ, ಅಂದರೆ ವೈರು ಬಿಗಿಯುವ ಮೊದಲಿನ ಸಡಿಲು, ಬಿಟ್ಟೆ. ತಕ್ಕಡಿ ಈಗ ಎಳೆಯುವಾಗ 4.6, ಬಿಡುವಾಗ 3.5 ತೋರಿಸಿತು. ಕಿಟ್ ಹಾಕಿದ್ದರೂ ಬಹುತೇಕ ಇಷ್ಟೇ ಸಿಗುತ್ತಿತ್ತು ಎಂಬುದು ನನ್ನ ನಂಬಿಕೆ, ಏಕೆಂದರೆ ಹೈಡ್ರಾಲಿಕ್ ಸಹ ಸ್ಪ್ರಿಂಗಿನ ಬಲವನ್ನು ಕಡಿಮೆ ಮಾಡಲಾರದು. ಮಾಸ್ಟರ್ ಪಿಸ್ಟನ್ನಿನ ಎರಡರಷ್ಟು ವ್ಯಾಸದ ಸ್ಲೇವ್ ಪಿಸ್ಟನ್ ಇಟ್ಟರೆ ಬಲ ನಾಲ್ಕು ಪಟ್ಟಾಗುತ್ತದೆ, ಚಲನೆ ಕಾಲು ಭಾಗಕ್ಕೆ ಇಳಿಯುತ್ತದೆ. ವೈರಿನ ಗಾಡಿಯಲ್ಲಿ ಲಿವರಿನ ಉದ್ದವೂ ಎಂಜಿನ್ ಮೇಲಿನ ತೋಳಿನ ಉದ್ದವೂ ಸೇರಿ ಮಾಡುವ ಕೆಲಸವೇ ಅದು.

ಮಾರ್ಚ್ 15, ಚಿತ್ರದುರ್ಗ

ಭಾವನವರ ಗಾಡಿಯ ಸರದಿ. ತಕ್ಕಡಿಯ ಓದು 4.4 ಮತ್ತು 3.8. ಗಾಡಿ ಬೇರೆಯಾದ್ದರಿಂದ ಒಟ್ಟು ತೂಕವನ್ನು ನನ್ನ ಗಾಡಿಯ ಜೊತೆ ಹೋಲಿಸುವುದು ಸರಿಯಲ್ಲ. ಎರಡು ಓದುಗಳ ಅಂತರ ಎಷ್ಟು ಚಿಕ್ಕದು ಎಂಬುದಷ್ಟೇ ಮುಖ್ಯ. ಪೈಪು ಎಷ್ಟು ಬಾಗಿದರೂ ದ್ರವಕ್ಕೆ ಲೆಕ್ಕವಿಲ್ಲ, ಸೀಲುಗಳ ಘರ್ಷಣೆ ಮಾತ್ರ ಉಳಿಯುತ್ತದೆ. ಲೀಟರ್ ಗಾತ್ರದ ಎಂಜಿನ್ನಿನ ಟಾರ್ಕ್ ತಡೆಯಲು ಗಟ್ಟಿ ಸ್ಪ್ರಿಂಗ್ ಬೇಕಾಗುವ ಭಾರಿ ಗಾಡಿಗೆ ಈ ಗುಣ ನಿಜಕ್ಕೂ ಬೆಲೆಯುಳ್ಳದ್ದು.

ಆದರೆ ಹ್ಯಾಂಡಲ್ ಬಳಿಯ ಡಬ್ಬಿಯ ಮುಚ್ಚಳ ತೆಗೆದರೆ ಕ್ಲಚ್ಚಿನ ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು. "ಲಿವರ್ ಚೆನ್ನಾಗೇ ಇತ್ತಲ್ಲಪ್ಪ, ಅದಕ್ಕೇ ಮುಟ್ಟಿರಲಿಲ್ಲ" ಎಂದರು ಭಾವ. ಹೈಡ್ರಾಲಿಕ್ಕಿನ ಅಪಾಯ ಇರುವುದು ಇಲ್ಲಿಯೇ ಎಂದು ನನಗೆ ಅನಿಸಿತು. ಇದಕ್ಕೆ ಹಾಕುವ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಅದರ ಕುದಿಬಿಂದು, ತೇವ ಸೇರಿದ ಮೇಲೆ 155ರವರೆಗೂ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಇದಕ್ಕಾಗಿಯೇ. ಸ್ಲೇವ್ ಸಿಲಿಂಡರ್ ಮುಂದಿನ ಸ್ಪ್ರಾಕೆಟ್ಟಿನ ಪಕ್ಕದಲ್ಲಿದೆ. ಚೈನಿನ ಕೊಳೆ ಅಲ್ಲಿ ಕಟ್ಟಿಕೊಂಡಿತ್ತು. ಸೀಲ್ ಇನ್ನೂ ಸೋರುತ್ತಿರಲಿಲ್ಲ. ಕೊಳೆಯನ್ನು ಒರೆಸಿ, ಟ್ಯಾಂಕಿನ ಬಣ್ಣ ಹಾಳಾಗದಂತೆ ಒದ್ದೆ ಬಟ್ಟೆ ಹೊದಿಸಿ, ಹೊಸ ಆಯಿಲ್ ಹಾಕಿ ಪೈಪಿನೊಳಗಿನ ಗಾಳಿ ತೆಗೆದೆವು.

ಕ್ಲಚ್ ಪ್ಲೇಟುಗಳು ಸವೆದಂತೆ ವೈರಿನ ಗಾಡಿಯಲ್ಲಿ ಫ್ರೀ ಪ್ಲೇ ಕಡಿಮೆಯಾಗುತ್ತಾ ಹೋಗುತ್ತದೆ, ನಾವು ಹೊಂದಿಸಬೇಕು. ಹೈಡ್ರಾಲಿಕ್ಕಿನಲ್ಲಿ ಸ್ಲೇವ್ ಪಿಸ್ಟನ್ ಹಿಂದಕ್ಕೆ ಸರಿದು, ಹೆಚ್ಚಾದ ಆಯಿಲ್ ಸಣ್ಣ ರಂಧ್ರದ ಮೂಲಕ ಮೇಲಿನ ಡಬ್ಬಿಗೆ ಮರಳುತ್ತದೆ. ಹಾಗಾಗಿ ಬ್ರೇಕಿನಲ್ಲಿ ಸವೆತದೊಡನೆ ಇಳಿಯುವ ಮಟ್ಟ ಇಲ್ಲಿ ಏರುತ್ತದೆ. ಕಂಪನಿಯದಲ್ಲದ ಹೊರಗಿನ ಲಿವರ್ ಹಾಕಿಸಿ, ಅದು ಪೂರ್ತಿ ಮರಳದೆ ಆ ರಂಧ್ರ ಮುಚ್ಚಿಕೊಂಡರೆ, ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಹೋಗಲು ದಾರಿಯಿಲ್ಲದೆ ಕ್ಲಚ್ ತಾನಾಗಿ ಜಾರತೊಡಗುತ್ತದೆ.

ಏಪ್ರಿಲ್ 6

ಇಬ್ಬರೂ ಮತ್ತೆ ಆಗುಂಬೆಗೆ ಹೋಗಿಬಂದೆವು. ಘಾಟಿಯ 14 ತಿರುವುಗಳಲ್ಲಿ, ಲಾರಿಗಳ ಹಿಂದೆ ಅರ್ಧ ಕ್ಲಚ್ಚಿನಲ್ಲಿ ಹತ್ತುವಾಗ, ನನಗೆ ಎರಡು ಬೆರಳು ಸಾಕಾದವು. ಪ್ಲೇಟು ಕಚ್ಚಲು ಶುರುಮಾಡುವ ಜಾಗ ವೈರಿನಲ್ಲಿ ಬೆರಳಿಗೆ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ಇಳಿದ ಮೇಲೆ ಗಾಡಿ ಬದಲಿಸಿ ಓಡಿಸಿದಾಗ ಭಾವನವರೂ ಅದನ್ನು ಒಪ್ಪಿದರು. ಬಿಸಿಗೆ ನನ್ನ ಫ್ರೀ ಪ್ಲೇ ಸ್ವಲ್ಪ ಬದಲಾಗಿತ್ತು, ಅವರ ಲಿವರ್ ಬೆಳಿಗ್ಗೆ ಇದ್ದಂತೆಯೇ ಇತ್ತು.

ಕಿಟ್ಟಿನ ಯೋಜನೆಯನ್ನು ಕೈಬಿಟ್ಟಿದ್ದೇನೆ. ವೈರು ತನ್ನ ಆಯಸ್ಸನ್ನು ಬೆರಳಿಗೆ ಹೇಳುತ್ತಾ ಹೋಗುತ್ತದೆ, ಕಡಿದರೂ ದಾರಿಬದಿಯಲ್ಲಿ ಪಾನಾ ಹಿಡಿದು ಬದಲಿಸಬಹುದು. ನನ್ನ ಗಾಡಿಯ ಗಾತ್ರಕ್ಕೂ ನಾನು ಹೋಗುವ ದಾರಿಗಳಿಗೂ ಅದು ಸಾಕು. ಬಿಡಿ ವೈರೊಂದನ್ನು ಈಗಿರುವ ವೈರಿನ ಪಕ್ಕದಲ್ಲೇ, ಅದೇ ದಾರಿಯಲ್ಲಿ ಹಾಯಿಸಿ, ಎರಡೂ ತುದಿಗೆ ಪ್ಲಾಸ್ಟಿಕ್ ಸುತ್ತಿ ಕಟ್ಟಿಟ್ಟಿದ್ದೇನೆ. ಭಾವನವರ ಪೆಟ್ಟಿಗೆಯಲ್ಲಿ ಸೀಲ್ ಒಡೆಯದ ಡಾಟ್ 4 ಬಾಟಲಿ, ಒಂದು ಸಿರಿಂಜು, ಮೊಳದುದ್ದದ ಪಾರದರ್ಶಕ ಪೈಪು ಸೇರಿವೆ. ಎರಡೂ ಗಾಡಿಗಳನ್ನು ಮತ್ತೆ ತಕ್ಕಡಿಗೆ ಹಚ್ಚುವುದು 5,000 ಕಿ.ಮೀ. ಆದ ಮೇಲೆ.