ಫ್ರಿಜ್ಜಿನ ನರಳಾಟವೋ, ಸಂಗೀತವೋ?

ಅಮೆರಿಕದ ರಾಕ್ ಗಾಯಕ ಲೂ ರೀಡ್‌ನ 'ಮೆಟಲ್ ಮಷೀನ್ ಮ್ಯೂಸಿಕ್' (1975) ಆಲ್ಬಂ ಬಗ್ಗೆ ಬೈಗುಳ ಎಷ್ಟು ಕೇಳಿದರೂ ಮುಗಿಯಲ್ಲ. ಹಿಂದಿನ ವರ್ಷವಷ್ಟೇ ಅವನ ಆಲ್ಬಂ ಅಮೆರಿಕದ ಟಾಪ್ ಟೆನ್ ಸೇರಿತ್ತು. ಅದೇ ಥರದ ಹಾಡು ಇರುತ್ತೆ ಅಂತ ಕೊಂಡವರಿಗೆ ಸಿಕ್ಕಿದ್ದು ಎರಡು ಎಲ್‌ಪಿ (ಗ್ರಾಮಫೋನ್ ತಟ್ಟೆ) ತುಂಬ ಗಿಟಾರ್ ಫೀಡ್‌ಬ್ಯಾಕ್, ಅಂದರೆ ಗಿಟಾರಿನ ಕಿರಿಚಾಟ. ಹಾಡಿಲ್ಲ, ತಾಳವಿಲ್ಲ. ಜನ ಅಂಗಡಿಗೆ ವಾಪಸ್ ಒಯ್ದರು. 'ರೋಲಿಂಗ್ ಸ್ಟೋನ್' ಪತ್ರಿಕೆಯ ವಿಮರ್ಶಕ ಇದನ್ನು ಗ್ಯಾಲಕ್ಸಿಯ ಫ್ರಿಜ್ಜಿನ ನರಳಾಟಕ್ಕೆ ಹೋಲಿಸಿದ. ಇನ್ನೊಬ್ಬ ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಮಾತ್ರ ಹೊಗಳಿದ್ದೇ ಹೊಗಳಿದ್ದು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೂ.

ತಂತ್ರ ಸರಳ. ಗಿಟಾರನ್ನು ಆಂಪ್ಲಿಫೈಯರಿಗೆ ಒರಗಿಸಿದರೆ ಸ್ಪೀಕರಿನ ಸದ್ದಿಗೆ ತಂತಿ ಅದುರುತ್ತೆ, ತಂತಿಯ ಅದುರನ್ನು ಹಿಡಿಯೋ ಪಿಕಪ್ ಅದನ್ನು ಮತ್ತೆ ಆಂಪ್‌ಗೇ ಕಳಿಸುತ್ತೆ. ಮದುವೆ ಮಂಟಪದ ಮೈಕ್ ಕುಂಯ್ ಅನ್ನೋದೂ ಇದೇ ಸುತ್ತಿನಿಂದ. ರೀಡ್ ಅದರ ಮೇಲೆ ಟೇಪಿನ ವೇಗವನ್ನೂ ಬದಲಿಸಿದ. ಎಡ, ಬಲ ಚಾನೆಲ್‌ಗಳಲ್ಲಿ ಬೇರೆ ಬೇರೆ ಸದ್ದು. ಹಾಗಾಗಿ ಫೋನಿನ ಒಂದೇ ಸ್ಪೀಕರಲ್ಲಿ ಕೇಳಿ 'ಬರೀ ಗದ್ದಲ' ಅನ್ನೋರ ಮಾತು ಲೆಕ್ಕಕ್ಕಿಲ್ಲ: ಎರಡೂ ಕಲಸಿ ರಾಡಿಯಾಗಿರುತ್ತೆ. ಹೆಡ್‌ಫೋನ್ ಬೇಕು, ಆದರೆ ವಾಲ್ಯೂಮ್ ಕಮ್ಮಿ ಇರಲಿ. ಇಲ್ಲದಿದ್ದರೆ ಮೇಲಿನ ಸ್ವರಗಳು ಕಿವಿ ಕೊರೆಯುತ್ತವೆ, ಒಳಗಿನ ಸಣ್ಣ ಸಣ್ಣ ಎಳೆಗಳು ಕಾಣೋದೇ ಇಲ್ಲ. ಕಡಿಮೆ ಬಿಟ್‌ರೇಟಿನ (ಹೆಚ್ಚು ಹಿಂಡಿ ಚಿಕ್ಕದಾಗಿಸಿದ) ಎಂಪಿ3 ಅಂತೂ ಬೇಡ.

ಎಲ್‌ಪಿಯ ಮೊದಲ ಮೂರು ಬದಿಯ ಲೇಬಲ್ ಮೇಲೆ ಅವಧಿ 16:01 ನಿಮಿಷ ಅಂತಲೇ ಇದೆ, ನಾಲ್ಕನೆಯದರಲ್ಲಿ '16:01 ಅಥವಾ ಅನಂತ'. ಕೊನೆಯ ಬದಿಯ ತುದಿಯಲ್ಲಿ ಗೀರು ವೃತ್ತವಾಗಿ ಮುಚ್ಚಿಕೊಂಡಿದೆ, ಕೈಯಾರೆ ಮುಳ್ಳು ಎತ್ತೋವರೆಗೂ ನಿಲ್ಲಲ್ಲ.

ಜೋಕು ಅಂತ ಇನ್ನೂ ಹೇಳೋರಿದ್ದಾರೆ. ಆದರೆ 2002ರಲ್ಲಿ ಬರ್ಲಿನ್ನಿನ 'ಝೈಟ್‌ಕ್ರಾಟ್ಸರ್' ತಂಡ ಇದನ್ನು ಸ್ವರಲಿಪಿಗೆ ಇಳಿಸಿ ಪಿಟೀಲು, ಊದುವಾದ್ಯಗಳಲ್ಲಿ ನುಡಿಸಿತು. ಗಿಟಾರ್ ಹಿಡಿದು ರೀಡ್ ಕೂಡ ಸೇರಿಕೊಂಡ.